ಮೂಡಣ ಮೆಟ್ಟಿಲ ಹಲ್ಲಕ್ಕ

ಹಲ್ಲಕ್ಕನಿಗೆ ಫುಟ್‌ಬಾಲಿನ ಹುಚ್ಚು ಹತ್ತಿಸಿದವನು ಒಬ್ಬ ಗೋಲ್‌ಕೀಪರ್. ಅದೂ ಅವನ ಆಟದಿಂದಲ್ಲ, ಉದುರಿಹೋದ ಅವನ ಎರಡು ಮುಂದಿನ ಹಲ್ಲುಗಳಿಂದ.

ಆಗ ಅವಳಿನ್ನೂ ಕೆಲಸ ಕಲಿಯುತ್ತಿದ್ದ ಹುಡುಗಿ. ಹಲ್ಲಿನ ಡಾಕ್ಟರರ ಕ್ಲಿನಿಕ್ಕುಗಳು ಸಾಲಾಗಿದ್ದ ಬೀದಿಯ ಹಿಂದುಗಡೆ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಕಟ್ಟಿಸಿಕೊಳ್ಳುವ ಹಲ್ಲು ಮಾಡುವ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಎರಡು ಮೇಜು, ಒಂದು ಪಾಲಿಶ್ ಯಂತ್ರ, ಮೇಣ ಕರಗಿಸಲು ಸ್ಪಿರಿಟ್ ದೀಪ, ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಊರಿನವರ ಬಾಯಿಗಳ ಪ್ಲಾಸ್ಟರ್ ಅಚ್ಚುಗಳು. ಮೊದಲ ಸಲ ಬಂದವರು ಆ ಕಪಾಟು ಕಂಡು ಬೆಚ್ಚಿ ಹಿಂದೆ ಸರಿಯುತ್ತಿದ್ದರು. ಅವಳಿಗೆ ಮಾತ್ರ ಆ ಬಾಯಿಗಳೆಲ್ಲ ನೆರೆಹೊರೆಯವರಿದ್ದ ಹಾಗೆ. ಯಾವುದು ಯಾರದೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಯಜಮಾನರು ಅವಳ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟರು.

"ಇದನ್ನ ಮೈದಾನಕ್ಕೆ ತಲುಪಿಸಿ ಬಾರಮ್ಮ. ನಮ್ಮ ಗೋಲ್‌ಕೀಪರಂದು. ಇವತ್ತು ಟೀಮಿನ ಫೋಟೋ ತೆಗೀತಾರಂತೆ, ಹಲ್ಲಿಲ್ಲದೆ ನಾನು ನಿಲ್ಲೋದೇ ಇಲ್ಲ ಅಂತ ಹಟ ಹಿಡಿದು ಕೂತಿದಾನೆ."

ಮೈದಾನದ ಬಾಗಿಲಲ್ಲಿ ಟಿಕೆಟ್ ಹರಿಯುವವನು ತಡೆದ. "ಗೋಲ್‌ಕೀಪರ್ ಹಲ್ಲು" ಎಂದಳು. ಅವನು ಡಬ್ಬಿ ತೆರೆದು ನೋಡಿ, ಮುಚ್ಚಿ, ಒಳಗೆ ಬಿಟ್ಟ. ಆಟಗಾರರು ಬಟ್ಟೆ ಬದಲಾಯಿಸುವ ತಗಡಿನ ಕೋಣೆಯ ಮುಂದೆ ಗೋಲ್‌ಕೀಪರ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಹಲ್ಲು ಹಾಕಿಕೊಂಡು, ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಮದುವೆ ಗಂಡಿನ ಹಾಗೆ ನಕ್ಕ. ಫೋಟೋ ಆಯಿತು. ಇನ್ನೇನು ಆಟ ಶುರುವಾಗಬೇಕು, ಹಲ್ಲು ಕಳಚಿ ಕರವಸ್ತ್ರದಲ್ಲಿ ಸುತ್ತಿ ಅವಳ ಕೈಗೇ ಕೊಟ್ಟ.

"ಇದನ್ನ ಸ್ವಲ್ಪ ಹಿಡ್ಕೊಂಡಿರಮ್ಮ. ಗಡಿಬಿಡೀಲಿ ನುಂಗಿಬಿಟ್ರೆ ಕಷ್ಟ. ಮ್ಯಾಚು ಮುಗಿದ ಮೇಲೆ ಬಂದು ಇಸ್ಕೋತೀನಿ. ಅಲ್ಲಿ, ಮೂಡಣ ಮೆಟ್ಟಿಲ ಮೇಲೆ ನಿಂತಿರು."

ಬೇರೆಯವರ ಹಲ್ಲು ಹಿಡಿದುಕೊಂಡು ಅವಳು ಮೈದಾನದ ಮೂಡಣ ಬದಿಯಲ್ಲಿ, ಜನ ನಿಂತು ಆಟ ನೋಡುವ ಸಿಮೆಂಟಿನ ಮೆಟ್ಟಿಲ ಮೇಲೆ ನಿಂತಳು. ಪಕ್ಕದಲ್ಲಿ ಬಿಸಿಲಿಗೂ ಮೋಡಕ್ಕೂ ಕೊಡೆ ಹಿಡಿದೇ ನಿಲ್ಲುವ ಒಬ್ಬ ಯುವಕ.

"ಏನಮ್ಮಾ ಅದು, ಅಷ್ಟು ಜೋಪಾನ ಮಾಡ್ತಿದೀರ?"

"ಹಲ್ಲು."

"ಯಾರದು?"

ಅವಳು ಗೋಲಿನ ಕಡೆ ಕೈ ತೋರಿಸಿದಳು. ಕೊಡೆಯವನು ಹಿಂದಿನವರಿಗೆ ಹೇಳಿದ, ಹಿಂದಿನವರು ಮೇಲಿನವರಿಗೆ ಹೇಳಿದರು, ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತಿಕೊಂಡು ಹೋಯಿತು. ಆಟ ಮುಗಿಯುವ ಹೊತ್ತಿಗೆ ಅವಳು 'ಹಲ್ಲಕ್ಕ' ಆಗಿದ್ದಳು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವಳಾದರೂ 'ಅಕ್ಕ' ಅಂಟಿಕೊಂಡಿತು. ಮುಂದೆ ಆ ಗೋಲ್‌ಕೀಪರ್ ಆಟ ಬಿಡುವವರೆಗೂ ಪ್ರತಿ ಪಂದ್ಯಕ್ಕೆ ಮೊದಲು ಮೆಟ್ಟಿಲ ಮುಂದಿನ ಕಬ್ಬಿಣದ ಕಟಕಟೆಯ ಹತ್ತಿರ ಓಡಿ ಬಂದು ಕರವಸ್ತ್ರದ ಗಂಟು ಅವಳ ಕೈಗಿಡುತ್ತಿದ್ದ; ಮೆಟ್ಟಿಲು ಮೆಟ್ಟಿಲೇ ಚಪ್ಪಾಳೆ ತಟ್ಟುತ್ತಿತ್ತು.

ಆ ಕಾಲದಲ್ಲಿ ಆಟಗಾರರು ಊರಿನವರೇ. ಪಂದ್ಯ ಮುಗಿದರೆ ಚೀಲ ಹೆಗಲಿಗೇರಿಸಿ ನಡೆದೇ ಮನೆಗೆ ಹೋಗುತ್ತಿದ್ದರು. ಸೋತ ವಾರ ಗೋಲ್‌ಕೀಪರ್ ತರಕಾರಿ ತರಲು ಹೋದರೆ ಅಂಗಡಿಯವಳು ತಕ್ಕಡಿ ಕೆಳಗಿಟ್ಟು, "ಅಲ್ಲಯ್ಯಾ, ಅಷ್ಟು ಸುಲಭದ ಚೆಂಡು! ಕೈಗೆ ಎಣ್ಣೆ ಹಚ್ಕೊಂಡಿದ್ಯಾ?" ಎಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಈರುಳ್ಳಿ ಆರಿಸುತ್ತಿದ್ದ.

ಮೂಡಣ ಮೆಟ್ಟಿಲಲ್ಲಿ ಹಲ್ಲಕ್ಕನ ಸುತ್ತ ನಿಲ್ಲುತ್ತಿದ್ದವರಿಗೂ ಹೆಸರಿರಲಿಲ್ಲ. ಇರದೆ ಏನು, ಇತ್ತು; ಯಾರೂ ಕೇಳಿರಲಿಲ್ಲ ಅಷ್ಟೆ. ಕೊಡೆ ಹಿಡಿಯುವವನು ಕೊಡೆಯಣ್ಣ. ಅವನ ಪಕ್ಕದಲ್ಲಿ ಗಂಟಲಣ್ಣ. ಅವನು ಇಲ್ಲಿ ಕೂಗಿದರೆ ಆಚೆ ಗೋಲಿನ ಬಲೆ ಅಲುಗುತ್ತದೆ ಎಂದು ಎಲ್ಲರ ನಂಬಿಕೆ. ಅವರಿಬ್ಬರ ಮುಂದೆ, ಕಟಕಟೆಗೆ ಆತುಕೊಂಡು, ಪೆಪ್ಪರ್‌ಮಿಂಟ್ ಅಜ್ಜಿ. ಕಾರ್ನರ್ ಕಿಕ್ ಸಿಕ್ಕಿತೆಂದರೆ ಅಜ್ಜಿ ಚೀಲ ಬಿಚ್ಚಿ ಸುತ್ತಲಿನವರಿಗೆಲ್ಲ ಒಂದೊಂದು ಪೆಪ್ಪರ್‌ಮಿಂಟ್ ಹಂಚಬೇಕು, ಇಲ್ಲದಿದ್ದರೆ ಗೋಲು ಆಗುವುದಿಲ್ಲ.

"ಹಂಚಿ ಅಜ್ಜಿ, ಹಂಚಿ. ಹೀಗೇ ನಡೀಲಿ. ನನ್ನ ಕೆಲಸಕ್ಕೇನೂ ಕೊರತೆ ಇಲ್ಲ" ಎಂದು ಹಲ್ಲಕ್ಕ ಕೈ ಒಡ್ಡುತ್ತಿದ್ದಳು.

ಕೊಡೆಯಣ್ಣನ ಹೆಂಡತಿಯ ಮಂಡಿನೋವು, ಗಂಟಲಣ್ಣನ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು, ಅಜ್ಜಿಯ ಮನೆಯ ಸೋರುವ ನಲ್ಲಿ, ಎಲ್ಲ ಎಲ್ಲರಿಗೂ ಗೊತ್ತಿತ್ತು. ಮನೆ ಎಲ್ಲಿ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಲ್ಲಕ್ಕ ಬಸುರಿಯಾಗಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ ದಿನ ಗಂಟಲಣ್ಣ ಎರಡೂ ಕೈ ಚಾಚಿ, "ದಾರಿ ಬಿಡ್ರೋ, ಅಕ್ಕ ಇಬ್ರು ಬಂದಿದಾರೆ!" ಎಂದು ಕೂಗಿದ್ದ. ಎದುರು ಟೀಮಿನ ಬೆಂಬಲಿಗರೂ ತಿರುಗಿ ನೋಡಿದ್ದರು.

ಅವಳ ಗಂಡನಿಗೆ ಫುಟ್‌ಬಾಲಿನ ಗಾಳಿಯೂ ಸೋಕಿರಲಿಲ್ಲ. ಛಾಪಖಾನೆಯಲ್ಲಿ ಅಕ್ಷರ ಜೋಡಿಸುವ ಕೆಲಸ. ಒಂದು ಚೆಂಡಿಗೆ ಅಷ್ಟು ಜನ ಯಾಕೆ ಬಡಿದಾಡಬೇಕು, ತಲೆಗೊಂದು ಕೊಡಿಸಬಾರದೇ ಎನ್ನುವ ಪೈಕಿ. ಆದರೆ ಶನಿವಾರ ಸಂಜೆ ಅವಳು ಮನೆಯ ಮೆಟ್ಟಿಲು ಹತ್ತಿ ಬರುವ ಸದ್ದಿನಿಂದಲೇ ಫಲಿತಾಂಶ ತಿಳಿದುಕೊಳ್ಳುತ್ತಿದ್ದ. ಹೆಜ್ಜೆ ಎಳೆದಂತೆ ಕೇಳಿಸಿದರೆ ಎದ್ದು ಹೋಗಿ ತಾನೇ ಚಹಾಕ್ಕೆ ಇಡುತ್ತಿದ್ದ. ಅವಳ ಹಸಿರು ಸ್ಕಾರ್ಫು, ಟೀಮಿನ ಬಣ್ಣದಲ್ಲಿ ಅವಳೇ ಹೆಣೆದದ್ದು, ಒಗೆದು ಒಣಹಾಕುತ್ತಿದ್ದವನೂ ಅವನೇ.

ಕ್ಲಬ್ಬು ಕೈತಪ್ಪಿ ಹೋದದ್ದು ಒಂದೇ ದಿನಕ್ಕಲ್ಲ. ಮೊದಲು ಅಂಗಿಯ ಎದೆಯ ಮೇಲೆ ಯಾವುದೋ ಬ್ಯಾಟರಿ ಕಂಪನಿಯ ಹೆಸರು ಬಂತು. "ನಮ್ಮ ಹುಡುಗರು ಈ ವರ್ಷವಾದ್ರೂ ಚಾರ್ಜ್ ಆಗಿ ಓಡ್ತಾರೆ ಬಿಡಿ" ಎಂದು ಕೊಡೆಯಣ್ಣ ನಗಾಡಿದ. ಆಮೇಲೆ ದೂರದ ಒಂದು ದೊಡ್ಡ ಕಂಪನಿ ಕ್ಲಬ್ಬನ್ನೇ ಕೊಂಡಿತು. ಕ್ಲಬ್ಬಿನ ಹೆಸರಿನ ಮುಂದೆ ಕಂಪನಿಯ ಹೆಸರು ಸೇರಿತು. ಊರಿನ ಆಟಗಾರರು ಒಬ್ಬೊಬ್ಬರೇ ಕಡಿಮೆಯಾದರು. ಹೊಸಬರು ಕಪ್ಪು ಗಾಜಿನ ಬಸ್ಸಿನಲ್ಲಿ ಬಂದು, ಕಪ್ಪು ಗಾಜಿನ ಬಸ್ಸಿನಲ್ಲೇ ಹೋದರು. ಹಳೆಯ ಗೋಲ್‌ಕೀಪರ್ ತೀರಿಕೊಂಡಾಗ ಮೂಡಣ ಮೆಟ್ಟಿಲಿನವರೆಲ್ಲ ಮಣ್ಣಿಗೆ ಹೋಗಿದ್ದರು. ಕ್ಲಬ್ಬಿನಿಂದ ಒಂದು ಹೂವಿನ ಹಾರ ಬಂದಿತ್ತು, ಕೊರಿಯರಿನವನ ಕೈಯಲ್ಲಿ.

ಅದಾದ ಮರುವರ್ಷ, ಆಟದ ಋತು ಮುಗಿದು ಮೈದಾನಕ್ಕೆ ಬೀಗ ಬಿದ್ದಿದ್ದಾಗ, ಪೇಪರಿನಲ್ಲಿ ಸುದ್ದಿ ಬಂತು: ಮೂಡಣ ಮೆಟ್ಟಿಲು ಒಡೆದು ಅಲ್ಲಿ ಕುರ್ಚಿಗಳ ಸಾಲು, ಮೇಲೆ ಗಾಜಿನ ಕೋಣೆಗಳು. ಹಲ್ಲಕ್ಕ ಓಡಿ ಹೋಗಿ ನೋಡುವಷ್ಟರಲ್ಲಿ ತಗಡಿನ ಬೇಲಿ ಎದ್ದಿತ್ತು, ಆಚೆಯಿಂದ ಯಂತ್ರದ ಸದ್ದು. ಕಳೆದ ಪಂದ್ಯ ಕಡೆಯ ಪಂದ್ಯ ಎಂದು ಯಾರಿಗೆ ಗೊತ್ತಿತ್ತು? 'ಬರ್ತೀನಿ ಕಣಣ್ಣ' ಎಂದು ಎಂದಿನಂತೆ ಹೇಳಿ ಬಂದಿದ್ದಳು. ಯಾರ ಮನೆ ಎಲ್ಲಿ ಎಂದು ಕೇಳಿಟ್ಟುಕೊಂಡಿರಲಿಲ್ಲ. ಮುಂದಿನ ಶನಿವಾರ ಎನ್ನುವುದೇ ಅಷ್ಟು ವರ್ಷ ಅವರೆಲ್ಲರ ವಿಳಾಸವಾಗಿತ್ತು.

ಹೊಸ ಕಟ್ಟಡ ಎದ್ದ ಮೇಲೆ ಮಗಳು ಹುಟ್ಟುಹಬ್ಬಕ್ಕೆಂದು ಒಂದು ಟಿಕೆಟ್ ಕೊಡಿಸಿದಳು. ಫೋನಿನೊಳಗಿನ ಟಿಕೆಟ್ಟು. ಹಲ್ಲಕ್ಕ ಹೋದಳು. ಇರುವುದನ್ನು ಇದ್ದ ಹಾಗೆ ಹೇಳಬೇಕು: ಹೆಂಗಸರ ಶೌಚಾಲಯ ಮೊದಲ ಸಲ ಕಾಲಿಡುವ ಹಾಗಿತ್ತು, ಹುಲ್ಲು ರೇಷ್ಮೆಯಂತಿತ್ತು, ಆಟವೂ ಹಿಂದೆಂದಿಗಿಂತ ಚುರುಕಾಗಿತ್ತು. ಆದರೆ ಟೀಮು ಹಸಿರು ಬಿಟ್ಟು ನೀಲಿ ತೊಟ್ಟಿತ್ತು, ಕಂಪನಿಯ ಬಣ್ಣ. ಯಾವಾಗ ಕೂಗಬೇಕು ಎಂದು ದೊಡ್ಡ ಪರದೆ ಹೇಳಿಕೊಡುತ್ತಿತ್ತು. ಎಡಕ್ಕಿದ್ದವನು ಆಟಕ್ಕೆ ಬೆನ್ನು ಮಾಡಿ ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದ. ಅಭ್ಯಾಸಬಲದಿಂದ ಅವಳು ಎದ್ದು ನಿಂತು "ಎಡಕ್ಕೆ ಕೊಡೋ, ಎಡಕ್ಕೆ!" ಎಂದು ಗಂಟಲು ಹರಿದುಕೊಂಡಾಗ ಸಮವಸ್ತ್ರದ ಹುಡುಗಿಯೊಬ್ಬಳು ಬಂದು ಬಗ್ಗಿ, "ಆಂಟಿ, ಸ್ವಲ್ಪ ಕೂತ್ಕೋತೀರಾ? ಹಿಂದಿನವರಿಗೆ ಕಾಣ್ತಿಲ್ವಂತೆ" ಎಂದಳು, ತುಂಬ ಮರ್ಯಾದೆಯಿಂದ.

ಹಲ್ಲಕ್ಕ ಕೂತಳು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಶನಿವಾರ ಮಧ್ಯಾಹ್ನ ಏನು ಮಾಡುವುದೆಂದು ತಿಳಿಯದೆ ಕಾರ್ಖಾನೆಯಲ್ಲೇ ಉಳಿಯತೊಡಗಿದಳು. ಯಜಮಾನರು ಹೋದ ಮೇಲೆ ಅದು ಅವಳದೇ ಆಗಿತ್ತು. ಹಾಗೆ ಒಂದು ಮಧ್ಯಾಹ್ನ, ಮೇಣದಲ್ಲಿ ಯಾರದೋ ಕೆಳಸಾಲಿನ ಹಲ್ಲು ಕೂರಿಸುತ್ತಿದ್ದಾಗ, ಕ್ಲಬ್ಬಿನ ಪ್ರಚಾರದವಳು ಎಂದು ಒಬ್ಬ ಚೂಟಿ ಹೆಣ್ಣುಮಗಳು ಫೋಟೋಗ್ರಾಫರನನ್ನು ಕರೆದುಕೊಂಡು ಬಂದಳು. ಅವಳ ಕೈಯಲ್ಲಿ ಹಳೆಯ ಪೇಪರಿನ ಚಿತ್ರ: ಗೋಲ್‌ಕೀಪರ್ ಕಟಕಟೆಯ ಮೇಲಿಂದ ಕರವಸ್ತ್ರ ಕೊಡುತ್ತಿದ್ದಾನೆ, ಹಲ್ಲಕ್ಕ ಕೈ ಒಡ್ಡಿದ್ದಾಳೆ.

"ಇದು ನೀವೇ ಅಲ್ವಾ ಮೇಡಂ? ನಿಮ್ಮನ್ನ ಹುಡುಕಿ ಹುಡುಕಿ ಸಾಕಾಯ್ತು. ನಮ್ಮ ಹಳೇ ಅಭಿಮಾನಿಗಳಿಗೆ ಗೌರವ ಕೊಡೋಣ ಅಂತಿದೀವಿ."

ಯಾರಿಗಾದರೂ ಹಿಗ್ಗಾಗದೇ ಇರುತ್ತದೆಯೇ? ಹಲ್ಲಕ್ಕ ಕೈ ತೊಳೆದು, ಕೂದಲು ಸರಿಮಾಡಿಕೊಂಡು, ಕೆಳಗಿನ ಡ್ರಾಯರಿನಿಂದ ಸ್ಕಾರ್ಫು ತೆಗೆದು ಕುತ್ತಿಗೆಗೆ ಸುತ್ತಿಕೊಂಡಳು.

"ಇದು ಹಸಿರು" ಎಂದು ಫೋಟೋಗ್ರಾಫರ್ ರಾಗ ಎಳೆದ.

"ಪರವಾಗಿಲ್ಲ, ಕಂಪ್ಯೂಟರಲ್ಲಿ ಸರಿ ಮಾಡಿದ್ರಾಯ್ತು" ಎಂದಳು ಪ್ರಚಾರದವಳು. "ಮೇಡಂ, ಗೋಲು ಬಿದ್ದಾಗ ಹೇಗೆ ಕೂಗ್ತಿದ್ರೋ ಹಾಗೆ ಒಂದು ಸಲ ಕೂಗಿ."

ಸುಮ್ಮನೆ ನಿಂತು ಕೂಗುವುದೆಂದರೆ ನಾಚಿಕೆ. ಮೊದಲು ಬರೀ ಗಾಳಿ ಬಂತು. ಕಣ್ಣು ಮುಚ್ಚಿದಳು. ಬಗಲಿಗೆ ಕೊಡೆಯ ಕಡ್ಡಿ ತಾಗಿದಂತಾಯಿತು, ನಾಲಗೆಯ ಮೇಲೆ ಪೆಪ್ಪರ್‌ಮಿಂಟ್ ತಣ್ಣಗೆ ಕರಗಿದಂತಾಯಿತು. ಆಮೇಲೆ ಕೂಗಿದ ಕೂಗಿಗೆ ಕೆಳಗಿನ ಬಟ್ಟೆ ಅಂಗಡಿಯವರು ಏನೋ ಅನಾಹುತವಾಯಿತೆಂದು ಮಹಡಿ ಹತ್ತಿ ಓಡಿ ಬಂದರು.

ಕೆಲವೇ ವಾರಗಳಲ್ಲಿ ಊರಿನ ಬಸ್‌ಸ್ಟಾಪುಗಳಲ್ಲೆಲ್ಲ ಅವಳ ಮುಖ. ಮೈದಾನದ ಗೋಡೆಯ ಮೇಲಂತೂ ಮನೆಯೆತ್ತರ. ಬಾಯಿ ತೆರೆದು ಕೂಗುತ್ತಿರುವ ಹಲ್ಲಕ್ಕ, ಹಿಂದೆ ಕಪಾಟಿನ ತುಂಬ ಹಲ್ಲುಗಳು, ಕೆಳಗೆ 'ಇದು ನಿಮ್ಮದೇ ಮನೆ' ಎಂಬ ಅಕ್ಷರಗಳು. ಗಂಡ ಬಸ್‌ಸ್ಟಾಪಿನಲ್ಲಿ ನಿಂತು ಕಣ್ಣಗಲಿಸಿ ನೋಡಿದ.

"ಮನೇಲಿ ನನ್ನ ಮೇಲೆ ಬಾಯಿ ಮಾಡೋದು ಸಾಲದು ಅಂತ ಊರ ಮೇಲೆಲ್ಲ ಮಾಡ್ತಿದೀಯ. ಅಕ್ಷರ ಮಾತ್ರ ಚೆನ್ನಾಗಿ ಜೋಡಿಸಿದಾರೆ."

ಅವಳು ನಕ್ಕಳು. ಆದರೆ ಕಣ್ಣು ಸ್ಕಾರ್ಫಿನ ಮೇಲೇ ನೆಟ್ಟಿತ್ತು. ತಾನು ಒಂದೊಂದೇ ಸಾಲು ಎಣಿಸಿ ಹೆಣೆದ ಸ್ಕಾರ್ಫು ಅಲ್ಲಿ ಅಪ್ಪಟ ನೀಲಿಯಾಗಿತ್ತು. ಹೆಣಿಗೆಯಲ್ಲಿ ಬಿಟ್ಟುಹೋಗಿದ್ದ ಒಂದು ಕುಣಿಕೆ ಕೂಡ ಹಾಗೇ ಇತ್ತು, ನೀಲಿಯಲ್ಲಿ.

ಮುಂದಿನ ಪಂದ್ಯದ ದಿನ ಯಾಕೋ ಮನಸ್ಸು ತಡೆಯದೆ ಮೈದಾನದ ಹತ್ತಿರ ಹೋದಳು. ತನ್ನದೇ ದೊಡ್ಡ ಮುಖದ ಕೆಳಗೆ ನಿಂತಿದ್ದಾಗ ಇಬ್ಬರು ಗುರುತು ಹಿಡಿದು ಫೋಟೋ ತೆಗೆಸಿಕೊಂಡರು. ಹುರುಪು ಬಂತು. ಟಿಕೆಟಿಗೆಂದು ಬಾಗಿಲ ಹತ್ತಿರ ಹೋದಳು. ಕಾವಲಿನವನು ಗೋಡೆ ನೋಡಿ, ಅವಳನ್ನು ನೋಡಿ, ಪೇಚಿಗೆ ಬಿದ್ದ.

"ಇಲ್ಲಿ ಟಿಕೆಟ್ ಮಾರೋದಿಲ್ಲಮ್ಮ, ಎಲ್ಲ ಫೋನಲ್ಲೇ. ನೀವು ಯಾರು ಅಂತ ನನಗೆ ಗೊತ್ತಮ್ಮ. ಆದ್ರೆ ಈ ಮೆಷಿನ್ನಿಗೆ ಗೊತ್ತಾಗಲ್ಲ."

"ನಿಂದೇನು ತಪ್ಪಿಲ್ಲ ಬಿಡಪ್ಪ" ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು. ಒಳಗೆ ಯಾರೋ ಗೋಲು ಹೊಡೆದರು. ಪಟಾಕಿಯಂಥ ಸದ್ದು, ಆಮೇಲೆ ಧ್ವನಿವರ್ಧಕದಲ್ಲಿ ಹಾಡು. ಗೋಲು ಯಾರದೆಂದು ಕೂಗಿನಿಂದ ತಿಳಿಯಲಿಲ್ಲ. ಹಿಂದೆಲ್ಲ ಅರ್ಧ ಮೈಲಿ ಆಚೆಯಿಂದಲೂ ತಿಳಿಯುತ್ತಿತ್ತು. ಮನೆಗೆ ಬಂದವಳು ಸ್ಕಾರ್ಫು ಮಡಚಿ ಬಟ್ಟೆಗಳ ಅಡಿಗೆ ಇಟ್ಟಳು. ಆ ವಾರವೆಲ್ಲ ಕೆಲಸದಲ್ಲಿ ಕೈ ತಪ್ಪಿತು. ಒಬ್ಬ ವಕೀಲರ ಹಲ್ಲು ಅಳತೆ ಮೀರಿ ಉದ್ದವಾಗಿ ವಾಪಸ್ಸು ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಮಹಡಿಯ ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಕೋಲೂರಿದ ಸದ್ದು. ಬಂದದ್ದು ಕೋಲಲ್ಲ, ಕೊಡೆ. ಅದರ ಹಿಂದೆ ತಲೆ ಪೂರ್ತಿ ಬೋಳಾದ ಒಬ್ಬ ಮುದುಕ. ಬಾಗಿಲಲ್ಲೇ ನಿಂತು ಉಸಿರು ಎಳೆದುಕೊಂಡ.

"ಅಬ್ಬಾ, ಇಲ್ಲಿದೀಯಾ? ಈ ಬೀದೀಲಿರೋ ಹಲ್ಲಿನ ಡಾಕ್ಟರುಗಳೆಲ್ಲ ನನ್ನ ಬಾಯಿ ನೋಡಿಬಿಟ್ರು ಕಣಕ್ಕ! ಬಸ್‌ಸ್ಟಾಪಲ್ಲಿ ನಿನ್ನ ಫೋಟೋ ನೋಡ್ದೆ. ಹಿಂದೆ ಈ ಹಲ್ಲಿನ ಕಪಾಟು ಕಾಣ್ತು. ಎಲ್ಲಾ ಕ್ಲಿನಿಕ್ಕಿಗೂ ನುಗ್ಗಿ, ಹಲ್ಲು ಮಾಡೋರು ಯಾರು, ಎಲ್ಲಿದಾರೆ ಅಂತ ಕೇಳ್ಕೊಂಡು ಬಂದೆ."

ಹಲ್ಲಕ್ಕ ಎದ್ದಳು. ಕೈ ತುಂಬ ಪ್ಲಾಸ್ಟರ್. ಹಾಗೇ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು. ಹೇಳಬೇಕೆಂದಿದ್ದದ್ದು ನೂರೆಂಟು, ಬಾಯಿಂದ ಬಂದದ್ದು, "ಅಣ್ಣ, ಅತ್ತಿಗೆ ಮಂಡಿ ಹೇಗಿದೆ?"

"ಆಪರೇಷನ್ ಆಯ್ತು. ಈಗ ನನಗಿಂತ ಜೋರಾಗಿ ನಡೀತಾಳೆ."

ಇಬ್ಬರೂ ಕೂತು ಚಹಾ ಕುಡಿದರು. ಅಜ್ಜಿಯ ಸುದ್ದಿ ಹೇಳಿದವನೂ ಕೊಡೆಯಣ್ಣನೇ. "ಹೋಗಿಬಿಟ್ರು ಕಣಕ್ಕ. ಪೇಪರಲ್ಲಿ ಬಂದಿತ್ತು. ಹೆಸರು ಓದಿದೆ, ಯಾರೋ ಏನೋ ಅಂತ ಪುಟ ತಿರುಗಿಸಿದೆ. ಮುಖ ಎಲ್ಲೋ ನೋಡಿದೀನಲ್ಲ ಅಂತ ಮತ್ತೆ ತಿರುಗಿಸಿ ನೋಡ್ದೆ... ಅಷ್ಟು ವರ್ಷ ಅವರ ಕೈಯಿಂದ ಇಸ್ಕೊಂಡು ತಿಂದಿದೀನಿ, ಹೆಸರು ಗೊತ್ತಾಗಿದ್ದು ಆವತ್ತು." ಹಲ್ಲಕ್ಕ ಲೋಟದ ಅಂಚು ಒರೆಸುತ್ತ ಕೂತಳು.

ಗಂಟಲಣ್ಣ ಬಂದದ್ದು ಅದಾದ ಮೇಲೆ. ಅವನು ಕ್ಲಬ್ಬಿಗೇ ಫೋನು ಹಚ್ಚಿದ್ದ. ಅವರು ಸಂಗೀತ ಕೇಳಿಸಿ ಕೇಳಿಸಿ ಕಡೆಗೆ ಬೇಸತ್ತು ಅಂಗಡಿ ಬೀದಿಯ ಹೆಸರು ಹೇಳಿದರಂತೆ. "ಹಲ್ಲು ಕಟ್ಟಿಸ್ಕೋಬೇಕಿತ್ತು" ಎನ್ನುತ್ತ ಒಳಗೆ ಬಂದ. ಹಲ್ಲೆಲ್ಲ ಗಟ್ಟಿಯಾಗಿದ್ದವು. ಆ ದಿನ ಮೂವರೂ ಒಬ್ಬರಿಗೊಬ್ಬರು ಹೆಸರು, ವಿಳಾಸ, ಫೋನ್ ನಂಬರು ಹೇಳಿಕೊಂಡರು. ವಿಳಾಸ ನೆನಪಿನಲ್ಲಿ ಉಳಿಯಿತು, ಹೆಸರು ಮರುವಾರಕ್ಕೇ ಮರೆತುಹೋಯಿತು.

ಒಮ್ಮೆ ಮೂವರೂ ಕೂಡಿ ಹೊಸ ಕಟ್ಟಡಕ್ಕೆ ಹೋಗಿಯೂ ನೋಡಿದರು. ಕಂಪ್ಯೂಟರು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕೂರಿಸಿತು. ವಿರಾಮದಲ್ಲಿ ದೂರದಿಂದ ಒಬ್ಬರಿಗೊಬ್ಬರು ಕೈ ಬೀಸಿದರು, ಹಡಗಿನಲ್ಲಿ ಹೊರಟವರ ಹಾಗೆ. ಹೊರಗೆ ಬಂದ ಮೇಲೆ ಯಾರೂ 'ಮತ್ತೆ ಬರೋಣ' ಎನ್ನಲಿಲ್ಲ. ಋತು ಮುಗಿದಾಗ ಗೋಡೆಯ ಮೇಲಿನ ಹಲ್ಲಕ್ಕನನ್ನು ಕಿತ್ತು ಅಲ್ಲಿ ಹೊಸ ಆಟಗಾರನ ಮುಖ ಅಂಟಿಸಿದರು. ಬೇಸರವಾಯಿತೇ ಎಂದು ಮಗಳು ಕೇಳಿದ್ದಕ್ಕೆ, "ಇಲ್ಲಮ್ಮ, ಬಾಯಿ ನೋಯ್ತಿತ್ತು" ಎಂದಳು.

ಇಷ್ಟಾದರೂ ಭಾನುವಾರದ ಪೇಪರಿನಲ್ಲಿ ಮೊದಲು ತೆರೆಯುವುದು ಆಟದ ಪುಟವನ್ನೇ. ಟೀಮು ಸೋತಿದ್ದರೆ ಇಂದಿಗೂ ಅವಳಿಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. "ಅವರಿಗೆ ನೀನು ಬೇಡ, ನಿನಗ್ಯಾಕೆ ಅವರು ಬೇಕು?" ಎನ್ನುತ್ತಾನೆ ಗಂಡ. ಅವಳು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಾಳೆ.

ನೀರಿನ ಟ್ಯಾಂಕಿನ ಹಿಂದಿನ ಬಯಲಿನ ಸಂಗತಿ ತಂದವನು ಕೊಡೆಯಣ್ಣ. ಅವನು ವಾಕಿಂಗ್ ಹೋಗುವ ದಾರಿಯಲ್ಲಿ ಭಾನುವಾರ ಆಸ್ಪತ್ರೆಯ ನರ್ಸುಗಳ ಟೀಮಿಗೂ ಅಂಚೆ ಕಚೇರಿಯ ಹೆಣ್ಣುಮಕ್ಕಳ ಟೀಮಿಗೂ ಪಂದ್ಯವಂತೆ. ಮೂವರೂ ಹೋದರು. ಅಲ್ಲಿ ಮೆಟ್ಟಿಲಿಲ್ಲ, ಕಟಕಟೆಯಿಲ್ಲ. ಸುಣ್ಣದ ಗೆರೆ ಅಷ್ಟೆ. ನೋಡುವವರೆಂದರೆ ಆಟಗಾರ್ತಿಯರ ತಾಯಂದಿರು, ಒಂದೆರಡು ಮಕ್ಕಳು. ಯಾರ ಪರ ವಹಿಸಬೇಕೆಂದು ತೋಚದೆ ಮೂವರೂ ನೆಂಟರ ಮನೆಗೆ ಬಂದವರ ಹಾಗೆ ಕೈಕಟ್ಟಿ ನಿಂತರು. ಅರ್ಧ ಆಟ ಹಾಗೇ ಕಳೆಯಿತು. ಸೋಲುತ್ತಿದ್ದವರು ನರ್ಸುಗಳು, ಹಾಗಾಗಿ ಮನಸ್ಸು ಆ ಕಡೆ ವಾಲಿತು.

ನರ್ಸೊಬ್ಬಳು ಚೆಂಡು ಕಾಲಿಗೆ ತೆಗೆದುಕೊಂಡು ನುಗ್ಗಿದಳು. ಸೀಟಿ ಮೊಳಗಿತು. ಆಫ್‌ಸೈಡ್, ಚೆಂಡು ಬರುವ ಮೊದಲೇ ಅವಳು ಮುಂದೆ ಹೋಗಿ ನಿಂತಿದ್ದಳಂತೆ.

ಗಂಟಲಣ್ಣನಿಗೆ ತಡೆಯಲಾಗಲಿಲ್ಲ. ಎಷ್ಟೋ ವರ್ಷದಿಂದ ಒಳಗೇ ಕೂಡಿಟ್ಟಿದ್ದ ದನಿ ಒಮ್ಮೆಲೇ ಹೊರಬಿತ್ತು: "ಏನ್ರೀ ರೆಫ್ರೀ! ಕನ್ನಡಕ ಮನೇಲೇ ಬಿಟ್ಟು ಬಂದ್ರಾ?"

ರೆಫ್ರೀ ಯಾವುದೋ ಶಾಲೆಯ ಡ್ರಿಲ್ ಟೀಚರು, ಗಟ್ಟಿ ಹೆಂಗಸು. ಆಟ ನಿಲ್ಲಿಸಿ, ಸೀಟಿ ಕೈಯಲ್ಲಿ ಹಿಡಿದು ನೇರ ಗೆರೆಯ ಹತ್ತಿರ ಬಂದಳು.

"ಯಾರ್ರೀ ಅದು ಕೂಗಿದ್ದು?"

ಗಂಟಲಣ್ಣ ಕೊಡೆಯಣ್ಣನ ಹಿಂದೆ ಸರಿದ. ಇಷ್ಟು ವರ್ಷ ರೆಫ್ರೀಗಳನ್ನು ಬೈದಿದ್ದ, ಒಬ್ಬರೂ ತಿರುಗಿ ಮಾತಾಡಿರಲಿಲ್ಲ. ಕೊಡೆಯಣ್ಣ ಕೊಡೆಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದು, "ನೋಡಿ ಮೇಡಂ, ಆ ಹುಡುಗಿ ಇಲ್ಲಿದ್ಲು, ಚೆಂಡು ಇಲ್ಲಿಂದ ಬಂತು..." ಎಂದು ಶುರುಮಾಡಿದ. ರೆಫ್ರೀ ಬಗ್ಗಿ, ಅದರ ಪಕ್ಕಕ್ಕೆ ಬೆರಳಿನಿಂದ ಇನ್ನೊಂದು ಗೆರೆ ಎಳೆದಳು. ಆಟಗಾರ್ತಿಯರು ಸೊಂಟಕ್ಕೆ ಕೈಕೊಟ್ಟು ಸುತ್ತ ಕೂಡಿದರು. ಅಂಚೆಯವರ ನಾಯಕಿ ಒಂದು ಹೇಳಿದರೆ ನರ್ಸು ಇನ್ನೊಂದು. ಒಬ್ಬ ತಾಯಿಯೂ ಬಾಯಿ ಹಾಕಿದಳು.

ಹಲ್ಲಕ್ಕ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎಲ್ಲಿಯವರೆಗೆ ನಗು, ಎಲ್ಲಿಂದ ಅಳು ಎಂದು ಅವಳಿಗೇ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಬಿಡಿ ಮೇಡಂ, ನಮ್ಮಣ್ಣನ ಗಂಟಲು ದೊಡ್ಡದು, ಕಣ್ಣು ಸಣ್ಣದು. ನೀವು ಆಟ ನಡೆಸಿ" ಎಂದಳು.

ಪಂದ್ಯ ಮುಗಿದ ಮೇಲೆ ರೆಫ್ರೀ ಮತ್ತೆ ಗಂಟಲಣ್ಣನ ಹತ್ತಿರ ಬಂದಳು. ಕೈಯಲ್ಲಿ ಗೆರೆ ಕಾಯುವವರು ಹಿಡಿಯುವ ಬಾವುಟ.

"ನಮಗೆ ಲೈನಿಗೆ ಜನ ಇಲ್ಲ. ಅಷ್ಟು ಚೆನ್ನಾಗಿ ಕಾಣೋದಾದ್ರೆ ಮುಂದಿನ ವಾರ ನೀವೇ ಹಿಡೀರಿ."

ಗಂಟಲಣ್ಣ ವಾರವೆಲ್ಲ ನಿಯಮದ ಪುಸ್ತಕ ಓದಿದ. ಮುಂದಿನ ಭಾನುವಾರ ಬೂಟು ಪಾಲಿಶ್ ಮಾಡಿಸಿಕೊಂಡು ಬಂದು, ಬಾವುಟ ಹಿಡಿದು, ಗೆರೆಯ ಉದ್ದಕ್ಕೂ ಏದುಸಿರು ಬಿಡುತ್ತ ಓಡಿದ. ಮೊದಲ ಸಲವೇ ಬಾವುಟ ಎತ್ತಬಾರದ ಕಡೆ ಎತ್ತಿದ.

"ಕಣ್ಣು ಎಲ್ಲಿಟ್ಟಿದೀಯೋ!" ಎಂದು ಹಲ್ಲಕ್ಕ ಕೂಗಿದ ಕೂಗಿಗೆ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಗಂಟಲಣ್ಣ ಓಡುತ್ತಲೇ ತಿರುಗಿ, ಬಾವುಟ ಅವಳತ್ತ ಝಾಡಿಸಿ, "ಸುಮ್ನಿರಕ್ಕ, ಇಲ್ದಿದ್ರೆ ಹೊರಗೆ ಹಾಕಿಸ್ತೀನಿ!" ಎಂದ.